ಬೆಲೆ ಹೇಳದ ಕನ್ನಡಕದಂಗಡಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಶಾಂತರಾಜು ಅವರು ಮಲ್ಲಿಗಮ್ಮನ ಮೂಗಿನ ಮೇಲೆ ಕಂದು ಬಣ್ಣದ ಫ್ರೇಮು ಕೂರಿಸಿ, ಎಡಗಿವಿಯ ಹಿಂದೆ ಕಡ್ಡಿ ಒತ್ತುತ್ತಿದೆಯೇ ಎಂದು ವಿಚಾರಿಸುತ್ತಿದ್ದರು. ಬೆಲೆಯನ್ನು ಇನ್ನೂ ಹೇಳಿರಲಿಲ್ಲ.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯ ಆ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಇದೇ ಕ್ರಮ. ಮೊದಲು ಆಸ್ಪತ್ರೆಯ ಚೀಟಿ, ಆಮೇಲೆ ಫ್ರೇಮು, ಆಮೇಲೆ ಕೈಗೆ ಕನ್ನಡಿ. ಗಿರಾಕಿ ತನ್ನ ಮುಖವನ್ನು ಒಪ್ಪಿಕೊಂಡ ನಂತರವೇ ಬೆಲೆ. ಎದುರಿಗೆ ಕೂತವರ ಚಪ್ಪಲಿ ಎಂಥದು, ಜೊತೆಗೆ ಬಂದವರು ಯಾರು, ಎಷ್ಟು ಆತುರದಲ್ಲಿದ್ದಾರೆ ಎಂಬುದನ್ನೆಲ್ಲ ಗಮನಿಸಿ ಅವರು ಒಂದು ಮೊತ್ತ ಹೇಳುತ್ತಿದ್ದರು. ಅದು ಎಂಟುನೂರೂ ಆಗಬಹುದಿತ್ತು, ಸಾವಿರದ ನಾನೂರೂ ಆಗಬಹುದಿತ್ತು. ಬೋರ್ಡಿನ ಮೇಲೆ ಅಂಗಡಿಯ ಹೆಸರು ಬಿಟ್ಟರೆ ಬೇರೊಂದು ಅಕ್ಷರವಿರಲಿಲ್ಲ. ಕಣ್ಣಿನ ವಿಚಾರವನ್ನು ಸಂತೆಯಲ್ಲಿ ಸೊಪ್ಪು ಕೂಗಿದ ಹಾಗೆ ಕೂಗಬಾರದು ಎನ್ನುತ್ತಿದ್ದರು. ಜಾಹೀರಾತು ಕೊಡುವವರು ಅದರ ಖರ್ಚನ್ನು ಕೊಳ್ಳುವವರ ತಲೆಗೇ ಕಟ್ಟುತ್ತಾರೆ ಎಂದೂ ಹೇಳುತ್ತಿದ್ದರು. ಮೋಸದ ಮಾತಲ್ಲ, ಅದನ್ನು ಅವರು ನಿಜವಾಗಿ ನಂಬಿದ್ದರು.

ಆಗಲೇ ಮೈಕು ಕಟ್ಟಿಕೊಂಡ ಆಟೋ ಒಂದು ಅಂಗಡಿಯ ಮುಂದೆ ನಿಧಾನವಾಗಿ ಹಾದುಹೋಯಿತು. ಚನ್ನರಾಯಪಟ್ಟಣದಲ್ಲಿ ಹೊಸ ಕನ್ನಡಕದ ಅಂಗಡಿ ತೆರೆದಿದೆ, ಓದುವ ಕನ್ನಡಕಕ್ಕೆ ಫ್ರೇಮು, ಗ್ಲಾಸು ಎರಡೂ ಸೇರಿ ಮುನ್ನೂರೈವತ್ತು ರೂಪಾಯಿ ಎಂದು ಅದು ಮೂರು ಸಲ ಹೇಳಿತು.

ಮಲ್ಲಿಗಮ್ಮ ನಕ್ಕುಬಿಟ್ಟರು. “ಆ ಕಾಸಿಗೆ ಅದೇನ್ ಕೊಟ್ಟಾರಣ್ಣ, ಜಾತ್ರೆ ಗ್ಲಾಸು ಕೊಡ್ತಾರೆ ಅಷ್ಟೆಯ. ನೀವು ಬುಡಿ, ಮೋಸ ಮಾಡೋರಲ್ಲ.”

ಶಾಂತರಾಜು ಅವರ ನಾಲಿಗೆಯ ಮೇಲೆ ಸಾವಿರದ ನೂರು ಸಿದ್ಧವಾಗಿತ್ತು. ಹೊರಬಂದದ್ದು ಏಳುನೂರು.

“ಓದ್ಸಲ ಸಾವ್ರದಿನ್ನೂರು ತಕಂಡಿದ್ರಲ್ಲಣ್ಣ. ಈಗ್ಯಾಕೆ ಇಳೀತು?”

ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಕಂಪನಿಯವರೇ ಇಳಿಸಿದ್ದಾರೆ ಎಂದು ಶಾಂತರಾಜು ಸುಳ್ಳು ಹೇಳಿದರು. ಒಳ್ಳೆಯದಾಯಿತು ಎಂದು ಮಲ್ಲಿಗಮ್ಮ ತಮ್ಮ ಕಥೆ ಹೇಳಿಕೊಂಡರು. ಹಳೇಕೋಟೆ ಕಡೆಯ ಊರಿನಲ್ಲಿ ಅವರು ರವಿಕೆ ಹೊಲಿಯುತ್ತಿದ್ದವರು. ಹಳೆಯ ಕನ್ನಡಕ ಒಡೆದ ಮೇಲೆ ಹೊಲಿಗೆ ಬಿಟ್ಟು ಶುಂಠಿ ಹೊಲದ ಕೂಲಿಗೆ ಹೋಗಿದ್ದರು.

“ನಿಮ್ ಸಾವ್ರ ಜೋಡ್ಸಕ್ಕೆ ಒಂದೂವರೆ ವರ್ಸ ಆಯ್ತು ಕಣಣ್ಣ. ಮಿಸಿನ್ನಿನ ಮ್ಯಾಲೆ ಕೋಳಿ ಮಲೀಕತಿತ್ತು,” ಎಂದು ಮತ್ತೆ ನಕ್ಕರು. ಮುಂಗಡ ಕೊಟ್ಟು, ಮುಂದಿನ ಮಂಗಳವಾರ ಬರುವುದಾಗಿ ಹೇಳಿ ಹೋದರು.

ಆ ನಗು ಶಾಂತರಾಜು ಅವರನ್ನು ಎರಡು ದಿನ ಬಿಡಲಿಲ್ಲ. ಆ ಮುನ್ನೂರೈವತ್ತರ ಕನ್ನಡಕ ಕಳಪೆಯಾಗಿದ್ದರೆ ಸಾಕಿತ್ತು, ಅವರ ಮನಸ್ಸು ಹಗುರಾಗುತ್ತಿತ್ತು. ಗುರುವಾರ ಅಂಗಡಿ ಮುಚ್ಚಿ ಚನ್ನರಾಯಪಟ್ಟಣದ ಬಸ್ಸು ಹತ್ತಿದರು.

ಹೊಸ ಅಂಗಡಿ ತೆಂಗಿನಕಾಯಿ ಮಾರುಕಟ್ಟೆಯ ಹತ್ತಿರವಿತ್ತು. ಗಿರಾಕಿಯ ಹಾಗೆ ಒಳಗೆ ಹೋಗಿ ಒಂದು ಕನ್ನಡಕ ಕೈಗೆ ತೆಗೆದುಕೊಂಡರು. ಉಗುರಿನಿಂದ ತಿರುಪು ಒತ್ತಿದರು, ಗ್ಲಾಸನ್ನು ಬೆಳಕಿಗೆ ಹಿಡಿದರು. ತಾವು ಹಾಸನದ ಸಗಟು ಅಂಗಡಿಯಿಂದ ತರುವ ಮಾಲೇ ಅದು. ಗ್ಲಾಸಿನ ಲಕೋಟೆಯ ಮೇಲೆ ಅದೇ ಸಗಟು ಅಂಗಡಿಯ ಮೊಹರಿತ್ತು.

ಅವರು ತಿರುಪು ನೋಡಿದ ರೀತಿಯನ್ನು ಅಂಗಡಿಯ ಯುವಕ ಹರ್ಷವರ್ಧನ್ ಗಮನಿಸಿದ್ದ. “ನೀವೂ ಇದೇ ಲೈನಾ ಸಾ?” ಎಂದು ಕೇಳಿ, ಟೀ ತರಿಸಿದ.

ಆಟೋದ ದುಡ್ಡನ್ನು ಯಾರ ಮೇಲೆ ಹಾಕುತ್ತೀಯ ಎಂದು ಶಾಂತರಾಜು ಕೇಳಿದರು. ಹುಡುಗ ಮುಚ್ಚುಮರೆಯಿಲ್ಲದೆ ಲೆಕ್ಕ ಬಿಡಿಸಿದ. ತಿಂಗಳಿಗೆ ಆಟೋಗೆ ಆರು ಸಾವಿರ. ಆ ಕೂಗು ಕೇಳಿ ಹಾಸನ, ಅರಕಲಗೂಡು ಕಡೆಯಿಂದಲೂ ಜನ ಬರುತ್ತಾರೆ, ಹೆಂಗಸರಿಗಂತೂ ಬಸ್ಸಿನ ಟಿಕೆಟ್ಟಿಲ್ಲ. ತಿಂಗಳಿಗೆ ನಾನೂರು ಕನ್ನಡಕ ಹೋಗುತ್ತವೆ. ಒಂದರ ಮೇಲೆ ಆಟೋದ ಖರ್ಚು ಹದಿನೈದು ರೂಪಾಯಿ ಬೀಳುತ್ತದೆ. ಶಾಂತರಾಜು ಮಾರುತ್ತಿದ್ದದ್ದು ಇಪ್ಪತ್ತೈದು. ಆಟೋದ ಖರ್ಚಿಲ್ಲ, ಸರಿ. ಆದರೆ ಅಂಗಡಿಯ ಬಾಡಿಗೆ, ಮನೆಯ ಖರ್ಚು ಎಲ್ಲವನ್ನೂ ಆ ಇಪ್ಪತ್ತೈದು ಜನರೇ ಹೊರಬೇಕಿತ್ತು.

ಗೋಡೆಯಲ್ಲಿ ಕನ್ನಡಕ ಹಾಕಿಕೊಂಡ ಸಿನಿಮಾ ನಟನೊಬ್ಬನ ದೊಡ್ಡ ಚಿತ್ರವಿತ್ತು. ಶಾಂತರಾಜು ಕೊನೆಯ ಆಸೆಯಿಂದ ಅತ್ತ ಕೈ ತೋರಿಸಿದರು.

“ಅದು ಎರಡು ಸಾವ್ರದೆಂಟ್ನೂರು ಸಾ. ಫ್ರೇಮ್ ಅಂಥಾದ್ದೇನಲ್ಲ. ಆ ಮುಖದ ಕಾಸೂ ಅದ್ರಲ್ಲೇ ಅದೆ.”

ಹಾಗಾದರೆ ಅವರು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಪೂರ್ತಿ ಸುಳ್ಳಲ್ಲ. ಮುಖ ತೋರಿಸುವ ಜಾಹೀರಾತು ಬೆಲೆಯನ್ನು ಏರಿಸುತ್ತದೆ. ಆದರೆ ಆಟೋ ಯಾರ ಮುಖವನ್ನೂ ತೋರಿಸಿರಲಿಲ್ಲ. ಒಂದು ಸಂಖ್ಯೆಯನ್ನು ಕೂಗಿತ್ತು, ಅಷ್ಟೇ. ಸಂಖ್ಯೆ ಕಿವಿಗೆ ಬಿದ್ದವರು ಹೋಲಿಸಿ ನೋಡಬಹುದು. ಹೋಲಿಸಲು ಏನೂ ಸಿಗದ ಹಾಗೆ ತಾವು ಬಾಯಿ ಮುಚ್ಚಿಕೊಂಡಿದ್ದರು, ಮತ್ತು ಅದನ್ನೇ ಮರ್ಯಾದೆ ಎಂದುಕೊಂಡಿದ್ದರು.

ವಾಪಸು ಬಸ್ಸಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಮುಂದಿನ ಸೀಟಿನ ಹೆಂಗಸೊಬ್ಬರು ಹೊಸ ಕನ್ನಡಕ ಹಾಕಿಕೊಂಡು, ಎದುರು ಸೀಟಿನ ಬೆನ್ನಿಗೆ ಅಂಟಿಸಿದ್ದ ಚೀಟಿ ಓದುತ್ತಿದ್ದರು. ತಿರುಗಿ ನೋಡಿದವರು ಶಾಂತರಾಜು ಅವರನ್ನು ಗುರುತು ಹಿಡಿದರು, ಅವರ ಹಳೆಯ ಗಿರಾಕಿ. ನಮಸ್ಕಾರ ಹೇಳಿ, ಕನ್ನಡಕವನ್ನು ಮೆಲ್ಲಗೆ ತೆಗೆದು ಚೀಲದೊಳಕ್ಕೆ ಇಳಿಸಿಕೊಂಡರು. ಇವರಿಗೆ ನೋವಾಗದಿರಲಿ ಎಂದು. ಊರು ಬರುವವರೆಗೂ ಶಾಂತರಾಜು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಮನೆಯಲ್ಲಿ ಹೆಂಡತಿ ಪುಟ್ಟತಾಯಮ್ಮ ಎಲ್ಲ ಕೇಳಿ, ಕಾಳು ಬಿಡಿಸುತ್ತಿದ್ದ ಕೈ ನಿಲ್ಲಿಸದೆ ಹೇಳಿದರು: “ಬೆಲೆ ಬರ್ಸುದ್ರೆ ಮಾನ ಓಯ್ತದೆ ಅಂತಿದ್ರಲ್ಲ. ಬಸ್ಸಲ್ಲಿ ಉಳ್ಕಂಡು ಬಂತಾ?”

ಈಗ ಆ ಅಂಗಡಿಯ ಬಾಗಿಲ ಗಾಜಿನ ಮೇಲೆ ಪ್ರತಿ ಫ್ರೇಮಿನ ಬೆಲೆ ಬರೆದಿದೆ, ಎಲ್ಲರಿಗೂ ಒಂದೇ. ಅರಕಲಗೂಡಿನ ಬಸ್ಸಿಗೆ ಕಾಯುವವರಿಗೂ ಕಾಣುವಷ್ಟು ದೊಡ್ಡ ಅಕ್ಷರ. ಆದರೆ ಅದನ್ನು ಬರೆಸಿದ್ದು ಹರ್ಷವರ್ಧನನ ಲೆಕ್ಕವೂ ಅಲ್ಲ, ಹೆಂಡತಿಯ ಮಾತೂ ಅಲ್ಲ. ಮುಂದಿನ ಮಂಗಳವಾರ ನಡೆದದ್ದು.

ಅಂದು ಮಲ್ಲಿಗಮ್ಮ ಒಬ್ಬರೇ ಬರಲಿಲ್ಲ, ಊರಿನ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದರು. ಶಾಂತರಾಜು ಒಂದು ಉಪಾಯ ಮಾಡಿಕೊಂಡಿದ್ದರು. ಕಂಪನಿ ಇನ್ನೂ ಇಳಿಸಿದೆ ಎಂದು ಹೇಳಿ ಮುನ್ನೂರೈವತ್ತು ತೆಗೆದುಕೊಳ್ಳುವುದು, ಹಳೆಯ ಮಾತನ್ನು ಅಲ್ಲಿಗೇ ಬಿಡುವುದು. ಯಾರೂ ಏನೂ ಕೇಳುವ ಹಾಗಿರಲಿಲ್ಲ.

ಅವರು ಬಾಯಿ ತೆರೆಯುವ ಮೊದಲೇ ಮಲ್ಲಿಗಮ್ಮ ಸಿದ್ಧವಾಗಿದ್ದ ಹೊಸ ಕನ್ನಡಕ ಹಾಕಿಕೊಂಡು ಜೊತೆಯವರಿಗೆ ಹೇಳತೊಡಗಿದರು. “ಆಟೋದೋರ ಮಾತ ಕಟ್ಕಂಡು ಪಟ್ಣಕ್ಕೆ ಓಗ್ಬ್ಯಾಡಿ ಕಣ್ರವ್ವ. ನಮ್ಮಣ್ಣ ಎಂಥೋರು ಅಂದ್ರೆ, ಕಂಪ್ನಿಯೋರು ಇಳ್ಸುದ್ರು ಅಂತ ನಾನು ಕೇಳ್ದೆ ಇದ್ರೂ ಇಳ್ಸುದ್ರು.”

ತಮ್ಮ ಸುಳ್ಳು ಮಲ್ಲಿಗಮ್ಮನ ಬಾಯಲ್ಲಿ ಸಾಕ್ಷಿಯಾಗಿ ನಿಂತದ್ದನ್ನು ಶಾಂತರಾಜು ಕೇಳಿಸಿಕೊಂಡರು. ತಮ್ಮನ್ನು ನಂಬಿದ ಒಂದೇ ತಪ್ಪಿಗೆ ಆ ಇಬ್ಬರೂ ಹೆಚ್ಚು ತೆರಲು ಸಿದ್ಧರಾಗಿ ಬೆಂಚಿನ ಮೇಲೆ ಕೂತಿದ್ದರು. ಶಾಂತರಾಜು ಫ್ರೇಮಿನ ಟ್ರೇಯನ್ನು ಪಕ್ಕಕ್ಕೆ ಸರಿಸಿದರು.

“ಕಂಪ್ನಿ ಏನೂ ಇಳ್ಸಿಲ್ಲ ಮಲ್ಲಿಗಮ್ಮ. ನಾನೇ ಜಾಸ್ತಿ ತಕಂಡಿದ್ದೆ.”

ಮಲ್ಲಿಗಮ್ಮ ನಗಲಿಲ್ಲ. ಹೊಸ ಕನ್ನಡಕವನ್ನು ಕಣ್ಣಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ, ಇಷ್ಟು ವರ್ಷಗಳಲ್ಲಿ ಆ ಅಂಗಡಿಯಲ್ಲಿ ಯಾರೂ ಕೇಳಿರದ ಪ್ರಶ್ನೆ ಕೇಳಿದರು.

“ಓದ್ಸಲ ಕೊಟ್ರಲ್ಲ, ಅದು ನಿಮಗೆ ಎಷ್ಟಕ್ಕೆ ಬಿದ್ದಿತ್ತಣ್ಣ?”

ಪುಟ್ಟತಾಯಮ್ಮನಿಗೂ ಅವರು ಅದನ್ನು ಹೇಳಿದವರಲ್ಲ. ಬಾಗಿಲಲ್ಲಿ ಇನ್ನೊಬ್ಬ ಗಿರಾಕಿ ಬಂದು ನಿಂತಿದ್ದ. ಶಾಂತರಾಜು ಎದ್ದು ನಿಂತು, ಅವನಿಗೂ ಕೇಳುವಂತೆ ಹೇಳಿದರು.

“ನೂರಾ ತೊಂಬತ್ತು ರೂಪಾಯಿ.”