ಬೇರಿಲ್ಲದ ನೇರಳೆ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವಳು. ಯಾವುದೋ ಹಳ್ಳಿಯಲ್ಲಿ ಬೇವಿನ ಮರದಿಂದ ಹಾಲು ಸುರಿಯಿತೆಂದು ನಮ್ಮ ಓಣಿಯ ಅರ್ಧ ಜನ ಟೆಂಪೋ ಹತ್ತಿ ಹೋದಾಗ, ಅದು ಹಾಲಲ್ಲ, ಮರಕ್ಕೆ ಬಂದ ರೋಗ ಎಂದು ಭಾಷಣ ಮಾಡಿ ಅಜ್ಜಿಯಿಂದ ಬೈಸಿಕೊಂಡವಳು. ಗಿಡಮರಗಳ ವಿಷಯದಲ್ಲಂತೂ ನನ್ನ ಮುಂದೆ ಪವಾಡದ ಮಾತು ನಡೆಯುತ್ತಿರಲಿಲ್ಲ, ನಾನು ಓದಿದ್ದೇ ಅದನ್ನು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಪುಣೆಯಲ್ಲಿ ಓದು ಮುಗಿಸಿ ಸಾಂಗಲಿಗೆ ಬಂದು ಬೋರ್ಡು ಹಾಕಿದಾಗ ನಮ್ಮೂರು ಕಸಬೆ ಡಿಗ್ರಜದಲ್ಲಿದ್ದ ಕಾಕಾ, "ಏಳ ವರ್ಷ ಓದಿ ತ್ವಾಟದ ಮಾಳಿ ಆದ್ಯೇನವಾ?" ಎಂದು ನಕ್ಕಿದ್ದರು. ಇಪ್ಪತ್ತೇಳನೆಯ ವಯಸ್ಸಿಗೆ ಸ್ವಂತದ ಮೊದಲ ಕೆಲಸ ಸಿಕ್ಕಿತು. ಸಾಂಗಲಿಯ ಕಾರ್ಖಾನೆಗಳಿರುವ ಕುಪವಾಡದಲ್ಲಿ ಕಾರ್ಮಿಕರ ಮನೆಗಳಿಗೂ ಒಂದು ದೊಡ್ಡ ಗಟಾರಕ್ಕೂ ನಡುವೆ ಉದ್ದನೆಯ ಪಾಳು ಜಾಗವಿತ್ತು. ಅಲ್ಲಿ ಉದ್ಯಾನ ಮಾಡಬೇಕು, ಖರ್ಚು ಒಬ್ಬ ಕಾರ್ಖಾನೆ ಮಾಲಕರದು. ಎರಡು ತಿಂಗಳು ಹಗಲು ರಾತ್ರಿ ಕೂತು ನಕ್ಷೆ ಬರೆದೆ. ಪಾಳಿ ಮುಗಿಸಿ ಬಂದವರು ಕೂರಲು ನೆರಳು, ಮಕ್ಕಳು ಗಟಾರದ ಕಡೆ ಹೋಗದಂತೆ ತಿರುವಿದ ದಾರಿ. ಇದೊಂದು ಆದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡಿದ್ದೆ.

ಗಟಾರದ ಬಗ್ಗೆ ಹೇಳದಿದ್ದರೆ ನಿಮಗೆ ಆ ಜಾಗ ಅರ್ಥವಾಗುವುದಿಲ್ಲ. ಬಣ್ಣದ ನೀರು, ಯಂತ್ರದ ಎಣ್ಣೆ, ಕಕ್ಕಸಿನ ಹೊಲಸು ಎಲ್ಲ ಕೂಡಿ ಅದು ಹರಿಯುತ್ತಿರಲಿಲ್ಲ, ಕುದಿಯುತ್ತಿತ್ತು. ಒಂದು ಹಂದಿ ಸತ್ತು ಬಿದ್ದು ಎಂಟು ದಿನವಾದರೂ ಯಾರೂ ಎತ್ತಿರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ ಹತ್ತಿದಂತಾಗುತ್ತಿತ್ತು.

ಇದ್ದಕ್ಕಿದ್ದಂತೆ ಮಾಲಕರು ಉದ್ಘಾಟನೆ ಹತ್ತು ದಿನದಲ್ಲೇ ಎಂದರು. ಅತಿಥಿಗಳ ತಾರೀಖು ಸಿಕ್ಕಿತ್ತಂತೆ. ಮಣ್ಣು ಹದವಾಗಿರಲಿಲ್ಲ, ಸಸಿಗಳು ಬಂದಿರಲಿಲ್ಲ. ಕಾಂಟ್ರಾಕ್ಟರು ಮಾತ್ರ ಸ್ವಲ್ಪವೂ ಅಲುಗಲಿಲ್ಲ.

"ಚಿಂತಿ ಬ್ಯಾಡ್ರಿ ಮ್ಯಾಡಮ್. ಟೊಂಗಿ ಕಡದು ತಂದು ಹುಗದ್ರ ಆತು. ಫೋಟೋದಾಗ ಗಿಡಾನ ಕಾಣತೈತಿ."

ಹೇಸಿಗೆಯಾಯಿತು. ಆದರೂ ಒಪ್ಪಿಕೊಂಡೆ. ಒಪ್ಪದಿದ್ದರೆ ಕೆಲಸ ಇನ್ನೊಬ್ಬರ ಪಾಲಾಗುತ್ತಿತ್ತು, ಆಗಲೇ ಫಲಕದ ಮೇಲೆ ನನ್ನ ಹೆಸರು ಬರೆಸಿಯಾಗಿತ್ತು. ನಲವತ್ತು ಟೊಂಗೆ ಬೇಕಿತ್ತು, ಮೂವತ್ತೊಂಬತ್ತು ಬಂದವು. ವೇದಿಕೆಯ ಪಕ್ಕಕ್ಕೆ ಬೇಕಾಗಿದ್ದ ಚೆಂದದ ಒಂದನ್ನು ನಮ್ಮ ಹೊಲದ ಬದುವಿನ ನೇರಳೆ ಮರದಿಂದ ನಾನೇ ಕೊಯ್ದು ತಂದೆ. ಅಂದು ಚತುರ್ದಶಿ. ನಾವು ಜೈನರು, ನಮ್ಮ ಮನೆಯಲ್ಲಿ ಆ ದಿನ ಹಸಿ ಕಾಯಿಪಲ್ಲೆಯನ್ನೂ ಹೆಚ್ಚುವುದಿಲ್ಲ. ಗರಗಸ ನಡುವೆ ಸಿಕ್ಕಿಹಾಕಿಕೊಂಡು, ಇನ್ನೊಂದು ಬದಿಯಿಂದ ಬೆರಳಷ್ಟು ಮೇಲೆ ಮತ್ತೊಮ್ಮೆ ಕೊಯ್ಯಬೇಕಾಯಿತು. ಹೀಗಾಗಿ ಅದರ ಬುಡ ಮೆಟ್ಟಿಲಿನ ಹಾಗೆ ಆಗಿತ್ತು. ರಸ ಬೇಗ ಆರದಿರಲೆಂದು ಅದಕ್ಕೆ ಕೆಂಪು ಬಣ್ಣ ಬಳಿದೆ.

ಆ ಕಾರ್ಮಿಕರ ಕಾಲನಿಯ ಕಸ ಗುಡಿಸುತ್ತಿದ್ದವಳು ಬಂಗಾರವ್ವ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ ಎಲ್ಲರಿಗೂ ಮಾವಶಿ. ಸಲಗರೆ ಕಡೆಯ ಕುರಿ ಸಾಕುವವರ ಮನೆಯವಳು, ವಯಸ್ಸು ಅರವತ್ತರ ಮೇಲೆ. ನಾವು ಟೊಂಗೆ ಹುಗಿಯುವುದನ್ನು ನಿಂತು ನೋಡಿ ಕೇಳಿದಳು.

"ಅಕ್ಕಾರ, ಬೇರ ಇಲ್ಲಲ್ರಿ ಇವಕ್ಕ?"

"ಇವು ಬ್ಯಾರೆ ಜಾತಿ, ಮಾವಶಿ. ನೀರ ಹಾಕ್ರಿ, ಬದಕತಾವ," ಎಂದೆ.

ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಉದ್ಘಾಟನೆಯವರೆಗೆ ಎಲೆ ಹಸಿರಾಗಿದ್ದರೆ ಸಾಕಿತ್ತು ನನಗೆ. ನಾನು ಓದಿದವಳು, ಅವಳು ನಂಬಿದಳು.

ಉದ್ಘಾಟನೆ ಜೋರಾಗಿಯೇ ಆಯಿತು. ಗಣ್ಯರು ನನ್ನ ನೇರಳೆ ಟೊಂಗೆಯನ್ನು ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಸಾಧನೆ ಎಂದು ನನಗೆ ಶಾಲು ಹೊದಿಸಿದರು. ಉಂಡವರು ಪ್ಲೇಟುಗಳನ್ನೆಲ್ಲ ಗಟಾರಕ್ಕೆ ಎಸೆದರು. ಅನ್ನ, ಜಿಲೇಬಿ, ಹೂಮಾಲೆ ಎಲ್ಲ ಆ ಕಪ್ಪು ನೊರೆಯಲ್ಲಿ ತೇಲುತ್ತಿದ್ದುದನ್ನು ನೋಡಿ ನೀರಿನ ಟ್ಯಾಂಕರಿನ ಹಿಂದೆ ಹೋಗಿ ವಾಂತಿ ಮಾಡಿದೆ. ಶಾಲು ಹೆಗಲ ಮೇಲೇ ಇತ್ತು.

ಆಮೇಲೆ ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಪೆನ್ಸಿಲ್ ಹಿಡಿದರೆ ಅದೇ ವಾಸನೆ. ಈ ಉದ್ಯೋಗವೇ ಬೇಡವೆಂದು ಮಿರಜದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸಲು ಒಪ್ಪಿಕೊಂಡೆ, ಜೂನಿನಲ್ಲಿ ಸೇರಬೇಕಿತ್ತು. ಅದಕ್ಕೂ ಮುಂಚೆ ಒಣಗಿದ ಟೊಂಗೆಗಳನ್ನು ಕೀಳಿಸಿ, ಮಾವಶಿಗೆ ನಿಜ ಹೇಳಿಬಿಡೋಣವೆಂದು ಮೇ ತಿಂಗಳ ಒಂದು ಮಧ್ಯಾಹ್ನ ಕುಪವಾಡಕ್ಕೆ ಹೋದೆ.

ಮೂವತ್ತೊಂಬತ್ತು ಟೊಂಗೆಗಳು ಸೌದೆಯಾಗಿ ನಿಂತಿದ್ದವು. ನನ್ನ ನೇರಳೆ ಮಾತ್ರ ಹಸಿರಾಗಿತ್ತು. ಹಳೆಯ ಎಲೆಗಳೆಲ್ಲ ಉದುರಿ ಹೊಸ ಎಲೆಗಳು ಬಂದಿದ್ದವು, ತುದಿಯಲ್ಲಿ ಕೆಂಪು ಚಿಗುರು. ಮಾವಶಿ ಕೊಡ ಹಿಡಿದು ಬಂದಳು. ಆ ಉರಿಬಿಸಿಲಿನಲ್ಲೂ ಆಚೆ ಓಣಿಯ ನಳದಿಂದ ದಿನಾ ನೀರು ಹೊತ್ತು ನಲವತ್ತಕ್ಕೂ ಹಾಕಿದ್ದಳಂತೆ. ಸಾಕು ಎಂದು ನಾನು ಹೇಳಿರಲಿಲ್ಲವಲ್ಲ.

"ನೀವ ಹೇಳಿದ್ದ ಖರೇ ಆತ ನೋಡ್ರಿ ಅಕ್ಕಾರ. ಒಂದಾದ್ರೂ ಉಳೀತು," ಎಂದು ಹೇಳಿ ಇನ್ನೊಂದು ಕೊಡ ತರಲು ಹೋದಳು.

ಆಲ, ಅತ್ತಿ, ನುಗ್ಗೆ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಅವನ್ನು ಕಡಿದು ನೆಟ್ಟರೂ ಚಿಗುರುತ್ತವೆ. ನೇರಳೆಯ ತೋಳುದಪ್ಪ ಟೊಂಗೆ ಹಾಗಲ್ಲ. ತನ್ನೊಳಗಿನ ರಸದಿಂದ ಹದಿನೈದು ದಿನ ಜೀವ ಹಿಡಿದೀತು, ಸಾಂಗಲಿಯ ಬೇಸಿಗೆಯನ್ನು ದಾಟಲಾರದು. ಯಾರೋ ಅದನ್ನು ಕಿತ್ತು ಸಸಿ ನೆಟ್ಟಿದ್ದಾರೆ ಎನಿಸಿತು. ಕೂತು ಕೈಯಿಂದಲೇ ಬುಡ ಕೆದಕಿದೆ. ಗಟಾರದ ನೀರು ಒಸರಿ ಒಳಗಿನ ಮಣ್ಣು ಕಪ್ಪು ರಾಡಿಯಾಗಿತ್ತು. ಚಿಂದಿ, ಕೂದಲು, ಮಿಡುಕುವ ಬಿಳಿ ಹುಳುಗಳು ಬೆರಳಿಗೆ ಹತ್ತಿದವು. ಮೂಗು ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮೊಳದಷ್ಟು ಕೆದಕಿದ ಮೇಲೆ ಬುಡ ಸಿಕ್ಕಿತು. ಮೆಟ್ಟಿಲಿನಂಥ ಅದೇ ಕೊಯ್ತ, ಅಲ್ಲಲ್ಲಿ ನಾನು ಬಳಿದ ಕೆಂಪು ಬಣ್ಣ. ಬೇರಿರಲಿಲ್ಲ. ಸುತ್ತಲೂ ಬೆರಳಾಡಿಸಿ ನೋಡಿದೆ, ಕೂದಲೆಳೆಯಷ್ಟೂ ಇರಲಿಲ್ಲ. ತೊಗಟೆ ಕೊಳೆತು ಲೋಳೆಯಾಗಿತ್ತು, ಹಿಡಿದರೆ ಇಡೀ ಟೊಂಗೆ ಗುಂಡಿಯಲ್ಲಿ ನಿಲ್ಲಿಸಿದ ಕೋಲಿನ ಹಾಗೆ ಅಲುಗುತ್ತಿತ್ತು. ಮೇಲೆ ಎಲೆಗಳು ಮಿಂಚುತ್ತಿದ್ದವು. ಒಂದನ್ನು ಹರಿದು ಮೂಸಿದೆ. ಆ ಗಬ್ಬಿನ ನಡುವೆಯೂ ಹಸಿ ನೇರಳೆ ಎಲೆಯ ವಾಸನೆ ಬಂತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಗಿಂತ ಮೊದಲು ಅಸಹ್ಯವಾಯಿತು. ಕೆಳಗೆ ಸತ್ತಿದ್ದು ಮೇಲೆ ಬದುಕಿದ್ದನ್ನು ಕೈಯಲ್ಲಿ ಹಿಡಿದಿದ್ದೆ.

ಮಾವಶಿಯ ಹೆಜ್ಜೆ ಸಪ್ಪಳ ಕೇಳಿ ಅವಸರದಲ್ಲಿ ಮಣ್ಣು ಮುಚ್ಚಿದೆ. ಅವಳು ಗಿಡಕ್ಕೆ ತಂದ ನೀರನ್ನು ನನ್ನ ಕೈಗೆ ಸುರಿದಳು.

"ಏನ ಹುಡಕಾಕತ್ತಿದ್ರಿ?"

"ಏನಿಲ್ಲ ಮಾವಶಿ. ಕಲ್ಲ ಅದಾವೇನ ನೋಡಿದೆ."

"ಬದಕತೈತಲ್ರಿ ಇದು?"

ನಿಜ ಹೇಳಲೆಂದೇ ಬಂದವಳು ನಾನು. ಅವಳ ತಲೆಯ ಮೇಲೆ ಕೊಡ ಹೊತ್ತ ಸಿಂಬೆ ಇನ್ನೂ ಇತ್ತು. "ಬದಕತೈತಿ," ಎಂದೆ. ಬುಡಕ್ಕೆ ಮತ್ತಷ್ಟು ಮಣ್ಣು ಎಳೆದು, ಕಾಲಿನಿಂದ ಗಟ್ಟಿಯಾಗಿ ತುಳಿದು ಬಂದೆ.

ಬಸ್ಸಿನಲ್ಲಿ ಪಕ್ಕದವಳು ಮೂಗಿಗೆ ಸೆರಗು ಹಿಡಿದು ದೂರ ಸರಿದಳು. ನನ್ನ ಕೈ ನನಗೇ ಹೇಸಿಗೆ ಬರುವಂತೆ ನಾರುತ್ತಿತ್ತು. ಆದರೂ, ನನ್ನ ಸುಳ್ಳಿಗೂ ಒಬ್ಬಳು ನೀರು ಹೊತ್ತು ಹಾಕಿ ಹಸಿರು ಉಳಿಸಿದ್ದಳಲ್ಲ ಎಂದು, ಅಷ್ಟು ತೃಪ್ತಿಯಿಂದ ನಾನು ಅದಕ್ಕೆ ಮೊದಲು ಎಂದೂ ಮನೆಗೆ ಹೋಗಿರಲಿಲ್ಲ, ಆಮೇಲೂ ಹೋಗಿಲ್ಲ. ಶಾಲೆಗೆ ಸೇರಲಿಲ್ಲ. ಮಳೆ ಬಿದ್ದ ಕೂಡಲೇ ಬೇರಿರುವ ಸಸಿಗಳನ್ನು ತಂದು ನಾನೇ ನಿಂತು ನೆಡಿಸಿದೆ. ಅವುಗಳಲ್ಲಿ ಅರ್ಧ ಸತ್ತವು, ಅರ್ಧ ಉಳಿದವು. ಅದರಲ್ಲಿ ವಿಚಿತ್ರವೇನೂ ಇಲ್ಲ. ಇಷ್ಟು ಬೇಗ ವೃತ್ತಿಯಲ್ಲಿ ಸಾರ್ಥಕತೆ ಹೇಗೆ ಕಂಡಿರಿ ಎಂದು ಈಗ ಕಾಲೇಜುಗಳಲ್ಲಿ ಕೇಳುತ್ತಾರೆ. ಏನೋ ಚೆಂದದ ಮಾತು ಹೇಳಿ ಬರುತ್ತೇನೆ, ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ವಾಕರಿಕೆ. ಸಸ್ಯಶಾಸ್ತ್ರ ಕಲಿಸುವ ಗೆಳತಿ, ಬೇರು ಇನ್ನೂ ಮೇಲ್ಭಾಗದಲ್ಲಿ ಬಂದಿರಬೇಕು, ನೀನು ಸರಿಯಾಗಿ ನೋಡಿಲ್ಲ ಎನ್ನುತ್ತಾಳೆ. ಬುಡದಿಂದ ನೆಲದವರೆಗೂ ಸವರಿ ನೋಡಿದವಳು ನಾನು.

ಈಗ ಅದು ಒಂಬತ್ತು ವರ್ಷದ ಮರ, ಹಣ್ಣು ಬಿಡುತ್ತದೆ. ಕಳೆದ ತಿಂಗಳು ಗಟಾರಕ್ಕೆ ಗೋಡೆ ಕಟ್ಟಲು ಬಂದ ಎಂಜಿನಿಯರು, ಬೇರು ಎಷ್ಟು ದೂರ ಹರಡಿದೆಯೋ ನಕ್ಷೆಯಲ್ಲಿ ಗುರುತು ಮಾಡಿ ಕೊಡಿ, ಬೇಕಾದರೆ ಒಂದು ಗುಂಡಿ ತೆಗೆಸಿ ನೋಡೋಣ ಎಂದು ಮರಾಠಿಯಲ್ಲಿ ಕೇಳಿದ. ಗುಂಡಿ ಬೇಡ ಎಂದೆ. ಮರದ ಸುತ್ತ ಹನ್ನೆರಡು ಅಡಿಯ ವೃತ್ತ ಎಳೆದು ಸಹಿ ಹಾಕಿದೆ. ಅವನು ನಕ್ಷೆಯಲ್ಲಿ ಗೋಡೆಯನ್ನು ಆಚೆ ಸರಿಸಿದ.

ನೆರಳಿನಲ್ಲಿ ಕೂತಿದ್ದ ಮಾವಶಿಗೆ ಈಗ ಕಣ್ಣು ಮಂಜು.

"ಬೇರ ಅಷ್ಟ ದೂರ ಹೋಗ್ಯಾವೇನ್ರಿ ಅಕ್ಕಾರ?" ಎಂದಳು.

"ಹೋಗ್ಯಾವ ಮಾವಶಿ," ಎಂದೆ. ಈ ಸಲ ಹೇಳಿದ್ದು ಸುಳ್ಳೋ ಖರೆಯೋ ನನಗೂ ಗೊತ್ತಿಲ್ಲ.