ಎಡ ಮೂಲೆಯ ಕಪ್ಪು

ಕಳೆದ ವಾರ ಮಂಚದ ಕೆಳಗಿನ ಪೆಟ್ಟಿಗೆಯಿಂದ ಹಳೆಯ ಗೇಮ್ ಕಾನ್ಸೋಲ್ ಹೊರತೆಗೆದೆ. ಅದರ ಗಾಳಿಕಿಂಡಿಗಳಲ್ಲಿ ಬೆಸುಗೆಯ ರಾಳದ ವಾಸನೆ ಇನ್ನೂ ಉಳಿದಿತ್ತು. ಆ ಬೆಸುಗೆ ಹಾಕುವ ಅಗತ್ಯವೇ ಇರಲಿಲ್ಲ…

ಕೊಲ್ಲಿ ನಾಡಿನ ಘಾಲಾ ಎಂಬಲ್ಲಿ ಎರಡು ಗ್ಯಾರೇಜುಗಳ ನಡುವೆ ಒಂದೇ ಬಾಗಿಲಿನ ರಿಪೇರಿ ಅಂಗಡಿ. ನಡೆಸುತ್ತಿದ್ದವರು ಮಂಗಳೂರು ಕಡೆಯ ಬ್ಯಾರಿ, ಐವತ್ತು ದಾಟಿದವರು. ಎಲ್ಲರಿಗೂ ಅವರು ಕಾಕ. ನಾನಾಗ ಮೈಸೂರಿನಿಂದ ಹೊಸದಾಗಿ ಬಂದ ಇಂಜಿನಿಯರ್. ಹತ್ತಿರದ ಅಲ್ ಗುಬ್ರಾದ ಫ್ಲಾಟಿನಲ್ಲಿ ಒಬ್ಬನೇ. ಗುರುವಾರದ ರಜೆಯೆಲ್ಲ ಅವರ ಅಂಗಡಿಯಲ್ಲೇ ಕಳೆಯುತ್ತಿತ್ತು.

ಚಿತ್ರ ಕೆಟ್ಟಿದೆ, ಗೇಮಿನ ತಪ್ಪು ತಿದ್ದುವ ಹೊಸ ಪ್ಯಾಚ್ ಇಳಿಸಿಕೊಂಡರೆ ಸರಿಹೋದೀತೇ ಎಂದು ಗಿರಾಕಿಗಳು ಕೇಳುತ್ತಿದ್ದರು. ಕಾಕನದು ಒಂದೇ ಪ್ರಶ್ನೆ: “ಒಂದೇ ಗೇಮಿನಲ್ಲಾ, ಎಲ್ಲದರಲ್ಲೂವಾ?” ಒಂದೇ ಗೇಮಿನಲ್ಲಾದರೆ ಅದು ಮಾಡಿದವರ ತಪ್ಪು, ಪ್ಯಾಚ್ ಬರುವವರೆಗೆ ಕಾಯಬೇಕು. ಎಲ್ಲದರಲ್ಲೂ ಕಂಡರೆ ಯಂತ್ರದ ರೋಗ. “ಪ್ಯಾಚ್ ಬರೆದದ್ದನ್ನು ತಿದ್ದುತ್ತದೆ ಮಾರಾಯ. ಬಿಟ್ಟುಹೋದ ಬೆಸುಗೆಯನ್ನು ಅದೆಂತ ಹಿಡಿಯುದು?”

ನನ್ನ ಕಾರ್ ರೇಸಿನ ಗೇಮಿನಲ್ಲಿ ರಸ್ತೆಯ ಮೇಲೆ ಮರಗಳ ನೆರಳು ಪಟಪಟ ಅದುರುತ್ತಿತ್ತು. ತೋರಿಸಲು ಒಯ್ದೆ. ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದುಡಿದ ಅಭ್ಯಾಸದಿಂದ ಕಾಕ ಟಿವಿಯನ್ನೂ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದಲೇ ನೋಡುತ್ತಿದ್ದರು.

“ನೆರಳು ಬಿಡು, ಅದಕ್ಕೆ ಪ್ಯಾಚ್ ಬರ್ತದೆ. ಎಡ ಮೂಲೆಯಲ್ಲಿ ಕಪ್ಪು ಉಂಟಲ್ಲ, ಅದು ಬೋರ್ಡಿನದ್ದು. ಕಾಣ್ತದಲ್ಲ?”

ನನಗೇನೂ ಕಾಣಲಿಲ್ಲ. ಆದರೂ “ಹೌದು ಕಾಕ” ಎಂದೆ. ಅಷ್ಟು ವರ್ಷ ಪಳಗಿದ ಕಣ್ಣಿನ ಮುಂದೆ ಇಲ್ಲವೆನ್ನಲು ನಾಚಿಕೆಯಾಯಿತು. ಅವರು ಕಾನ್ಸೋಲ್ ಬಿಚ್ಚಿ, ಚೆನ್ನಾಗಿದ್ದ ಬೋರ್ಡಿಗೆ ಬಿಸಿ ಕೊಟ್ಟು ಹೊಸದಾಗಿ ಬೆಸುಗೆ ಹಾಕಿದರು.

ಮುಂದಿನ ಗುರುವಾರ ಬೇರೊಬ್ಬರ ಕಾನ್ಸೋಲಿನಲ್ಲೂ ಕಾಕನಿಗೆ ಎಡಗಡೆ ಕಪ್ಪು. ಅದರಾಚೆಯ ವಾರ ಮತ್ತೊಂದರಲ್ಲಿ.

“ಎಲ್ಲಿ ಕಾಕ? ನನಗೆ ಕಾಣುದೇ ಇಲ್ಲ!” ಎಂದ, ಅದನ್ನು ತಂದಿದ್ದ ಟ್ರಕ್ ಡ್ರೈವರ್.

“ನಿನಗೆ ಬಿರಿಯಾನಿ ಬಿಟ್ಟು ಬೇರೆಂತ ಕಾಣ್ತದೆ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೇರೆ ಯಂತ್ರ, ಬೇರೆ ಗೇಮ್, ಆ ದಿನ ಟಿವಿಯೂ ಬೇರೆ. ಕಪ್ಪು ಮಾತ್ರ ಅದೇ ಜಾಗದಲ್ಲಿ. ಕಾಕನ ಪ್ರಶ್ನೆಯನ್ನೇ ಕಾಕನಿಗೆ ಕೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡೆ…

ಆ ಸಂಜೆ ಅವರೇ ತಮ್ಮ ಪಿಕಪ್ಪಿನಲ್ಲಿ ನನ್ನನ್ನು ಮನೆಗೆ ಬಿಡಲು ಹೊರಟರು. ನಾನು ಹತ್ತಿ ಕುಳಿತೆ, ಆಗಲೂ ಸುಮ್ಮನಿದ್ದೆ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ, ಚಾಲಕನ ಸೀಟು ಎಡಕ್ಕೆ; ವೃತ್ತಗಳಲ್ಲಿ ವಾಹನ ನುಗ್ಗಿ ಬರುವುದು ಎಡದಿಂದ. ಕಾಕ ಕತ್ತು ಅರ್ಧ ಹೊರಳಿಸಿ, “ಯಲ್ಲಾ, ಹೋಗುವ, ಖಾಲಿ ಉಂಟು” ಎಂದು ಒಳಗೆ ನುಗ್ಗಿಸಿದರು. ಅವರ ಭುಜದಾಚೆ ನೀರಿನ ಟ್ಯಾಂಕರೊಂದು ಕಿಟಕಿಯನ್ನು ತುಂಬಿಕೊಂಡು ಬರುತ್ತಿತ್ತು. ನಾನು ಕಿರುಚಿ ಸ್ಟಿಯರಿಂಗ್ ಎಳೆದೆ. ಹಾರ್ನ್, ಧೂಳು… ಎಡಗಡೆಯ ಕನ್ನಡಿ ಕಿತ್ತುಹೋಗಿ ಅದರ ವೈರು ಮಾತ್ರ ನೇತಾಡುತ್ತಿತ್ತು.

ಗಾಡಿ ಅಂಚಿಗೆ ನಿಂತ ಮೇಲೆ ಕಾಕ ಅಂಗೈಯಿಂದ ಒಂದು ಕಣ್ಣು ಮುಚ್ಚಿದರು. ತೆಗೆದು ಇನ್ನೊಂದನ್ನು ಮುಚ್ಚಿದರು.

“ನಿನಗೆ ಆ ಕಪ್ಪು ಕಂಡಿರಲೇ ಇಲ್ಲ, ಅಲ್ವಾ?”

“ಇಲ್ಲ ಕಾಕ.”

“ಮತ್ತೆ ಹೌದು ಅಂದದ್ದು ಎಂತಕ್ಕೆ?”

ಮರುದಿನ ಡಾಕ್ಟರು, ಕಣ್ಣೊಳಗಿನ ಪರದೆ ಕಳಚಿಕೊಂಡಿದೆ ಎಂದರು. ಕಪ್ಪು ಕಾಣಿಸಿದಾಗಲೇ ಬಂದಿದ್ದರೆ ಹಿಡಿದು ಕೂರಿಸಬಹುದಿತ್ತಂತೆ. ಆಪರೇಷನ್ ಆಯಿತು, ಎಡಗಣ್ಣು ಮರಳಲಿಲ್ಲ. ಕಾಕ ಅಂಗಡಿ ಮುಚ್ಚಿ ಊರಿಗೆ ಹೋದರು. ವಿಮಾನ ನಿಲ್ದಾಣದಲ್ಲಿ ಭುಜ ತಟ್ಟಿ “ಖಲಾಸ್, ಬಿಡು” ಎಂದರು, ಅಷ್ಟೇ. ನಾನು ಒಂದು ಸಲವೂ ಫೋನ್ ಮಾಡಲಿಲ್ಲ. ಅವರು ತೀರಿಕೊಂಡದ್ದು ಕೂಡ ಯಾರದೋ ಬಾಯಿಂದ, ತಡವಾಗಿ ತಿಳಿಯಿತು.

ಈಗ ಮೈಸೂರಿನಲ್ಲಿದ್ದೇನೆ. ಇಲ್ಲಿ ವೃತ್ತಗಳಲ್ಲಿ ವಾಹನ ಬರುವುದು ಬಲದಿಂದ. ಆದರೂ ಮೊದಲು ಎಡಕ್ಕೆ ನೋಡುತ್ತೇನೆ. ಆ ಟ್ಯಾಂಕರ್ ಇನ್ನೂ ಬರುತ್ತಲೇ ಇರುತ್ತದೆ.

ಮೊನ್ನೆ ಕಾನ್ಸೋಲನ್ನು ಟಿವಿಗೆ ಜೋಡಿಸಿದೆ. ಆ ಗೇಮಿನ ಪ್ಯಾಚ್ ಬಂದಿತ್ತು, ನಾನು ಹಾಕಿರಲಿಲ್ಲ. ಮರಗಳ ನೆರಳು ಈಗಲೂ ಅದುರುತ್ತಿದೆ. ಬಲಗಣ್ಣು ಮುಚ್ಚಿಕೊಂಡು ಎಡ ಮೂಲೆಯನ್ನು ನೋಡಿದೆ. ಸ್ವಚ್ಛವಾಗಿತ್ತು.

ಅಂದೂ ಹಾಗೆಯೇ ಇತ್ತು.