ಚರಂಡಿಯ ಮೇಲಿನ ಹೊರೆಗಲ್ಲು

ಮಳವಳ್ಳಿಯ ಹೊರೆಗಲ್ಲನ್ನು ಕಳ್ಳರು ಒಯ್ಯಲಿಲ್ಲ, ಚಿಕ್ಕತಾಯಮ್ಮ. ಹನ್ನೊಂದು ವರ್ಷದಿಂದ ಅದರ ಚಪ್ಪಡಿ ನನ್ನ ಮನೆ ಮುಂದಿನ ಚರಂಡಿಗೆ ಮುಚ್ಚಳವಾಗಿ ಬಿದ್ದಿದೆ — ಹಾಕಿಸಿದವನು ನಾನು.

ಈಗಿನವರಿಗೆ ಹೊರೆಗಲ್ಲು ಎಂದರೆ ಮದ್ದೂರು ರಸ್ತೆಯ ಒಂದು ಬಸ್ ಸ್ಟಾಪಿನ ಹೆಸರು, ಅಷ್ಟೆ. ಎರಡು ನೆಟ್ಟ ಕಲ್ಲು, ಮೇಲೊಂದು ಅಡ್ಡ ಚಪ್ಪಡಿ. ಸೌದೆ, ಹುಲ್ಲು, ಸೊಪ್ಪು ಹೊತ್ತು ಸಂತೆಗೆ ಬರುವವರು ಯಾರ ಕೈಯನ್ನೂ ಕೇಳದೆ ತಲೆಹೊರೆಯನ್ನು ಅದರ ಮೇಲೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ಹೊರುತ್ತಿದ್ದರು. ಬಸುರಿಯಾಗಿಯೇ ಸತ್ತ ಹೆಂಗಸಿನ ಹೆಸರಲ್ಲಿ ಅದನ್ನು ನಿಲ್ಲಿಸುತ್ತಿದ್ದರು — ಅವಳು ಇಳಿಸಲಾಗದ ಭಾರವನ್ನು ಬೇರೆಯವರಾದರೂ ಇಳಿಸಲಿ ಎಂದು. ಆ ಚಪ್ಪಡಿಯಲ್ಲಿ ಕೆತ್ತಿದ್ದು, ನೀನು ಮಗುವಾಗಿದ್ದಾಗಲೇ ಮತ್ತೊಂದು ಬಸುರಿನಲ್ಲಿ ತೀರಿಕೊಂಡ ನಿನ್ನ ಅವ್ವನ ಹೆಸರು. ಅವಳದೊಂದು ಫೋಟೋ ಕೂಡ ನಿನ್ನ ಹತ್ತಿರ ಇಲ್ಲ. ಇದ್ದದ್ದು ಆ ಕಲ್ಲೊಂದೇ.

ನನಗೆ ಗೊತ್ತಿರಲಿಲ್ಲವೇ? ಒಂದನೇ ತರಗತಿಯಲ್ಲಿ ನಿನ್ನ ಬೆರಳು ಹಿಡಿದು ಆ ಕಲ್ಲಿನ ಮೇಲೆ ಅಕ್ಷರ ಓದಿಸಿದವನು ನಾನೇ.

ರಸ್ತೆ ಅಗಲ ಮಾಡುವಾಗ ಅಧಿಕಾರಿಗಳು ಮಹಜರಿಗೆ ಬಂದರು. ವಾರಸುದಾರರಿರುವ ಕಲ್ಲು ಇಲ್ಲಿ ಯಾವುದೂ ಇಲ್ಲ ಎಂದು ಬರೆದಿತ್ತು. ಓದಿದೆ. ಓದಿಯೇ ಸಹಿ ಹಾಕಿದೆ. ಮೇಷ್ಟ್ರ ಸಹಿ ಕಂಡ ಮೇಲೆ ಉಳಿದ ನಾಲ್ವರು ಸಾಕ್ಷಿಗಳು ಕಾಗದದ ಕಡೆ ನೋಡುವ ಗೋಜಿಗೂ ಹೋಗದೆ ಹೆಬ್ಬೆಟ್ಟು ಒತ್ತಿದರು. ನೀನು ಊರಲ್ಲಿಲ್ಲದ ದಿನ ಯಂತ್ರ ಕಲ್ಲು ಕಿತ್ತಿತು.

"ಈ ಚಪ್ಪಡಿ ಎಲ್ಲಾಕ್ಲಿ ಮೇಷ್ಟ್ರೇ?" ಎಂದ ಡ್ರೈವರು, ನೋಡುತ್ತಿದ್ದವರೆಲ್ಲ ಚದುರಿದ ಮೇಲೆ.

"ನಮ್ಮನೆ ಚರಂಡಿ ಮ್ಯಾಕೆ ಆಕ್ಬುಡು ಕಣಪ್ಪ. ಅಕ್ಸರ ಕೆಳಿಕ್ಕಿರ್ಲಿ."

ಅಕ್ಷರ ಕೆಳಕ್ಕಿರಲಿ! ಜೀವಮಾನವಿಡೀ ಅಕ್ಷರ ಕಲಿಸಿದ ಬಾಯಿ ಅದು. ಬಡತನವಲ್ಲ, ಯಾರ ಹೆದರಿಕೆಯೂ ಅಲ್ಲ — ಸ್ಕೂಟರ್ ಒಳಗೆ ತರಲು ನನಗೊಂದು ಚಪ್ಪಡಿ ಬೇಕಿತ್ತು.

ಕಲ್ಲು ಹುಡುಕಿಕೊಡಿ ಎಂದು ಅರ್ಜಿ ಬರೆಸಲು ನೀನು ನನ್ನ ಬಳಿಗೇ ಬಂದೆ. ಕಿತ್ತು ಬದಿಗಿಟ್ಟಿದ್ದನ್ನು ಕಳ್ಳರು ಒಯ್ದಿರಬಹುದು ಎಂದು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ಮೊನ್ನೆ ವಾಟ್ಸಾಪಿನಲ್ಲಿ ಯಾರೋ ಆ ಕಲ್ಲಿನ ಹಳೆಯ ಫೋಟೋ ಹಾಕಿದಾಗ ಊರಿಗೆ ಊರೇ ಅಯ್ಯೋ ಎಂದಿತು. ಕೀಳುವಾಗ ಸುತ್ತ ನಿಂತು ನೋಡಿದವರೇ ಎಲ್ಲರೂ! ಅವರ ಜೊತೆ ನಾನೂ ಕೈಮುಗಿದ ಚಿತ್ರ ಒತ್ತಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಆದರೆ ನನ್ನನ್ನು ಸುಡುತ್ತಿರುವುದು ನಿನ್ನೆಯ ಮಾತು. ಸೊಪ್ಪಿನ ಬುಟ್ಟಿ ಹೊತ್ತು ಬಂದು, ಅದೇ ಚಪ್ಪಡಿಯ ಮೇಲೆ ನಿಂತು ನೀನು ಕೂಗಿದೆ: "ವಸಿ ಕೈ ಕೊಡಿ ಮೇಷ್ಟ್ರೇ, ಒಬ್ಳೇ ಇಳ್ಸಕ್ಕಾಗಕಿಲ್ಲ. ಆ ಕಲ್ಲೊಂದಿದ್ದಿದ್ರೆ..."

ಕೈ ಕೊಟ್ಟೆ. ನೀನು ಬುಟ್ಟಿ ಇಳಿಸಿ, ನಿನ್ನ ಅವ್ವನ ಬೆನ್ನ ಮೇಲೆ ನಿಂತೇ ನನಗೆ ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಾಗಿ ಕೊಟ್ಟೆ.

ನಾಳೆ ನೀನು ಬರುವಷ್ಟರಲ್ಲಿ ಚಪ್ಪಡಿ ಕೀಳಿಸಿ, ನನ್ನ ಕೈಯಾರೆ ಕೊಚ್ಚೆ ತೊಳೆದು, ಅಕ್ಷರ ಮೇಲಕ್ಕೆ ಮಾಡಿ ಜಗಲಿಯ ಮೇಲೆ ಇಡಿಸಿರುತ್ತೇನೆ. ಬೀದಿಯವರನ್ನೆಲ್ಲ ಕರೆದಿರುತ್ತೇನೆ. ಅವರ ಎದುರಿಗೆ ಗಟ್ಟಿಯಾಗಿ ಓದು. ಉಗಿಯಬೇಕೆನಿಸಿದರೆ ಉಗಿ. ಬುಟ್ಟಿಯನ್ನು ಆ ಕಲ್ಲಿನ ಮೇಲೆ ಇಳಿಸು — ನನ್ನ ಕೈ ಮಾತ್ರ ಇನ್ನು ಕೇಳಬೇಡ.